ಎರಡು ಸಲ ಕುರ್ಚಿ ಬಿಟ್ಟ ಸರ್‌ ಎಂ.ವಿ.: ಕಚೇರಿಯ ಏಣಿ ಯಾರ ಪಾಲಿಗಿತ್ತು?

ಪ್ರತಿ ವರ್ಷ ಸೆಪ್ಟೆಂಬರ್ 15 ಬಂತು ಅಂದ್ರೆ ವಾಟ್ಸಾಪ್ ಗ್ರೂಪುಗಳಲ್ಲಿ ಅದೇ ಮೈಸೂರು ಪೇಟ, ಅದೇ ಕೋಟು, ಅದೇ ಗಂಭೀರ ಮುಖ ಹರಿದಾಡುತ್ತದೆ. ಜೊತೆಗೆ ಅದೇ ಕತೆಗಳು. ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಕೆಲಸಕ್ಕೆ ಇನ್ನೊಂದು. ದಿವಾನರಾಗುವ ಮೊದಲು ನೆಂಟರನ್ನೆಲ್ಲ ಊಟಕ್ಕೆ ಕರೆದು, ಯಾರೂ ತಮ್ಮ ಹತ್ತಿರ ಶಿಫಾರಸು ಕೇಳಿಕೊಂಡು ಬರಕೂಡದು ಅಂತ ಮಾತು ತೆಗೆದುಕೊಂಡದ್ದು. ಕತೆಗಳು ಬಾಯಿಂದ ಬಾಯಿಗೆ ಬೆಳೆದಿರಬಹುದು. ಆದರೆ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆ ಬಗ್ಗೆ ಅವರ ವಿರೋಧಿಗಳಿಗೂ ತಕರಾರು ಇರಲಿಲ್ಲ.

ಈ ಕತೆಗಳೆಲ್ಲ ಹೇಳುವುದು ಮೇಲೆ ಕೂತವರ ಬಗ್ಗೆ. ಸಾಹೇಬರು ಶುದ್ಧಹಸ್ತರಾಗಿದ್ದರೆ ಕಚೇರಿ ತಾನಾಗೇ ಸರಿ ಇರುತ್ತದೆ ಅನ್ನೋದು ನಮ್ಮ ನಂಬಿಕೆ. ಕೆಳಗೆ ಕೂತವರು ಆ ಕಚೇರಿಯನ್ನು ಯಾಕೆ ನಂಬಬೇಕು, ಹೊರಗೆ ನಿಂತವರು ಯಾಕೆ ನಂಬಬೇಕು ಅನ್ನೋದು ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ವಿಶ್ವೇಶ್ವರಯ್ಯನವರ ಬದುಕಿಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಇನ್ನೊಂದಿಲ್ಲ. ಯಾಕೆಂದರೆ ಅವರು ಎರಡು ಸಲ ದೊಡ್ಡ ಕುರ್ಚಿ ಬಿಟ್ಟು ಎದ್ದು ಹೋದವರು. 1908ರಲ್ಲಿ ಬಾಂಬೆ ಸರ್ಕಾರದ ಕೆಲಸ ಬಿಟ್ಟಾಗ ಕೊನೆಯ ಮೆಟ್ಟಿಲು ಅವರಿಗೆ ಮುಚ್ಚಿತ್ತು. ಹತ್ತು ವರ್ಷದ ನಂತರ ಮೈಸೂರಿನ ದಿವಾನಗಿರಿ ಬಿಟ್ಟಾಗ ಮೊದಲ ಮೆಟ್ಟಿಲು ಬೇರೆಯವರಿಗೆ ತೆರೆಯುವುದರಲ್ಲಿತ್ತು.

ಮಳೆಗಾಲ, ಮೇಲಧಿಕಾರಿ, ಒಂದು ಟಿಪ್ಪಣಿ

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಹುಡುಗ. ಸಂಸ್ಕೃತ ಬಲ್ಲ, ಹಣವಿಲ್ಲದ ಬ್ರಾಹ್ಮಣ ಮನೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಬೇಗ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳಬೇಕಾಯಿತು. 1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಯ ಸೈನ್ಸ್ ಕಾಲೇಜಿಗೆ ಹೋದರು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮೊದಲು ಬಂದವನಿಗೆ ಬಾಂಬೆ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಸಿಗುತ್ತಿತ್ತು. 1884ರಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಆಗಿ ಸೇರಿದರು.

ಈ ಭಾಗವನ್ನು ನೆನಪಿಟ್ಟುಕೊಳ್ಳಿ. ಸರ್ಕಾರದ ಹಣದಲ್ಲಿ ಓದಿ, ಪರೀಕ್ಷೆ ಗೆದ್ದು, ಅದರ ಬಲದ ಮೇಲೇ ಕೆಲಸ ಪಡೆದ ಯುವಕ. ಪರೀಕ್ಷೆಯೇ ನ್ಯಾಯ ಅನ್ನೋ ನಂಬಿಕೆ ಅವರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಅಂತ ಇದರಿಂದ ಊಹಿಸಬಹುದು.

ಮೊದಮೊದಲ ಕೆಲಸವೇ ಕಚೇರಿ ಅಂದ್ರೆ ಏನು ಅಂತ ತೋರಿಸಿಕೊಟ್ಟಿತು. ಖಾನ್‌ದೇಶದ ಧುಳೆ ಬಳಿ ಹಳ್ಳದ ಅಡಿಯಲ್ಲಿ ಪೈಪು ಹಾಯಿಸಿ ನೀರು ದಾಟಿಸುವ ಕೆಲಸ. ಮಳೆ ಜೋರಾಯಿತು. ಮಳೆಗಾಲ ಮುಗಿಯುವ ತನಕ ತಡೆಯೋಣ ಅಂತ ಯುವ ಎಂಜಿನಿಯರ್ ಮೇಲಕ್ಕೆ ಬರೆದರು. ಸ್ಥಳದಲ್ಲಿ ನಿಂತವನಿಗೆ ಕಂಡ ವಾಸ್ತವ ಅದು. ಆದರೆ ಮೇಲಧಿಕಾರಿಗೆ ಅದರಲ್ಲಿ ಕಂಡದ್ದು ವಿಧೇಯತೆಯ ಕೊರತೆ. ಆ ಅರ್ಥ ಬರುವ ಟಿಪ್ಪಣಿಯೇ ಬಂತು. ಇನ್ನೂ ಖಾಯಂ ಆಗದ ಹುಡುಗನಿಗೆ ಇಂಥ ಒಂದು ಸಾಲು ಸಾಕು, ಜೀವಮಾನವಿಡೀ ಫೈಲಿನಲ್ಲಿ ಕೂತಿರುತ್ತದೆ. ವಿಶ್ವೇಶ್ವರಯ್ಯ ವಾದಕ್ಕೆ ಹೋಗಲಿಲ್ಲ. ಮಳೆಯಲ್ಲೇ ಕೆಲಸ ಮಾಡಿಸಿ ಮುಗಿಸಿದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಕರ್ತವ್ಯನಿಷ್ಠೆಯ ಪಾಠವಾಗಿ ಹೇಳುತ್ತಾರೆ. ಇನ್ನೊಂದು ಕಡೆಯಿಂದಲೂ ನೋಡಬಹುದು. ಕೆಳಗಿನವನು ಹೇಳಿದ ಮಾಹಿತಿಯನ್ನು ಮೇಲಿನವನು ಧಿಕ್ಕಾರ ಅಂತ ಓದಿಕೊಂಡರೆ, ಮುಂದಿನ ಸಲ ಕೆಳಗಿನವನು ಮಾಹಿತಿ ಕೊಡುವುದೇ ಇಲ್ಲ. ಬಾಯಿ ಮುಚ್ಚಿಕೊಂಡು ಹೇಳಿದ್ದನ್ನು ಮಾಡುತ್ತಾನೆ. ಇವತ್ತು ಯಾವ ಐಟಿ ಪಾರ್ಕಿನ ಕ್ಯಾಂಟೀನಿನಲ್ಲಿ ಕೂತು ಕೇಳಿದರೂ ಇದೇ ಕತೆ ಕೇಳಿಸುತ್ತದೆ, ಮಳೆ ಒಂದು ಇರುವುದಿಲ್ಲ ಅಷ್ಟೇ.

ಹತ್ತಲಾಗದ ಕೊನೆ ಮೆಟ್ಟಿಲು

ಮುಂದಿನ ಇಪ್ಪತ್ತು ವರ್ಷ ವಿಶ್ವೇಶ್ವರಯ್ಯನವರ ಕೆಲಸವೇ ಅವರ ಪರವಾಗಿ ಮಾತಾಡಿತು. ಸಿಂಧ್ ಪ್ರಾಂತ್ಯದ ಸಕ್ಕರ್‌ಗೆ ಸಿಂಧೂ ನದಿಯ ಕೆಸರು ನೀರನ್ನು ತಿಳಿಗೊಳಿಸಿ ಕೊಡುವ ಯೋಜನೆ. ಪುಣೆ ಸೀಮೆಯ ಕಾಲುವೆಗಳಲ್ಲಿ ನೀರನ್ನು ಸರದಿಯ ಮೇಲೆ ಹಂಚುವ ಬ್ಲಾಕ್ ಪದ್ಧತಿ. 1903ರಲ್ಲಿ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವಾಗೇ ತೆರೆದು ಮುಚ್ಚಿಕೊಳ್ಳುವ ಗೇಟುಗಳು. ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ಹಿಡಿದಿಡುವ ಉಪಾಯ ಅದು, ಪೇಟೆಂಟ್ ಕೂಡ ಸಿಕ್ಕಿತು. 1906ರಲ್ಲಿ ಏಡನ್ ಬಂದರಿನ ನೀರಿನ ಸಮಸ್ಯೆ ನೋಡಲು ಅವರನ್ನೇ ಕಳಿಸಿದರು.

ಬಡ್ತಿಯೂ ಸಿಕ್ಕಿತು. ಹಲವು ಹಿರಿಯರನ್ನು ದಾಟಿ ಮೇಲಕ್ಕೆ ಹೋದರು. ಕಚೇರಿಯಲ್ಲಿ ಹೀಗೆ ದಾಟಿ ಹೋದವನ ಮೇಲೆ ದಾಟಿಸಿಕೊಂಡವರಿಗೆ ಪ್ರೀತಿ ಉಕ್ಕುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಆ ಅಸಮಾಧಾನ ಅವರಿಗೂ ಗೊತ್ತಿತ್ತು. ಆದರೆ ಅದಕ್ಕಿಂತ ದೊಡ್ಡ ತಡೆ ಬೇರೆ ಇತ್ತು.

ಭಾರತದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರ್‌ಗಳನ್ನು ತಯಾರು ಮಾಡಲೆಂದೇ ಇಂಗ್ಲೆಂಡಿನಲ್ಲಿ ಕೂಪರ್ಸ್ ಹಿಲ್ ಅನ್ನೋ ಕಾಲೇಜು ನಡೆಯುತ್ತಿತ್ತು. 1890ರ ದಶಕದಲ್ಲಿ ಇಲಾಖೆಯ ಸೇವೆಯನ್ನು ಇಂಪೀರಿಯಲ್, ಪ್ರಾವಿನ್ಷಿಯಲ್ ಅಂತ ಎರಡು ಮಾಡಿದರು. ಅಲ್ಲಿಂದ ಬಂದವರಿಗೆ ಒಂದು ಸಂಬಳ, ಇಲ್ಲಿ ಓದಿದವರಿಗೆ ಇನ್ನೊಂದು. ಭಾರತೀಯ ಚೀಫ್ ಎಂಜಿನಿಯರ್ ಆಗಕೂಡದು ಅನ್ನೋ ಕಾನೂನು ಬೇಕಾಗಿಯೇ ಇರಲಿಲ್ಲ. ಆಗುತ್ತಿರಲಿಲ್ಲ, ಅಷ್ಟೇ. ಎಲ್ಲರಿಗೂ ಗೊತ್ತಿದ್ದ, ಯಾರೂ ಕಾಗದದ ಮೇಲೆ ಬರೆಯದ ನಿಯಮ ಅದು. ಬಾಂಬೆಯಲ್ಲಿ ತಾವು ಆ ಕುರ್ಚಿಯಲ್ಲಿ ಕೂರುವುದು ಸಾಧ್ಯವಿಲ್ಲ ಅಂತ ವಿಶ್ವೇಶ್ವರಯ್ಯನವರಿಗೆ ಖಾತ್ರಿಯಾಯಿತು.

1908ರಲ್ಲಿ, ನಲವತ್ತೇಳರ ಆಸುಪಾಸಿನಲ್ಲಿ, ಸ್ವಯಂ ನಿವೃತ್ತಿ ಕೇಳಿದರು. ಪೂರ್ಣ ಪಿಂಚಣಿಗೆ ಬೇಕಾದಷ್ಟು ವರ್ಷ ಸೇವೆ ಆಗಿರಲಿಲ್ಲ. ಆದರೂ ಸರ್ಕಾರ ಪಿಂಚಣಿ ಮಂಜೂರು ಮಾಡಿ ಕಳಿಸಿತು. ಗೌರವವಾಗಿ ಕಳಿಸಲು ಆ ಸರ್ಕಾರ ತಯಾರಿತ್ತು, ಗೌರವವಾಗಿ ಮೇಲೆ ಕೂರಿಸಲು ತಯಾರಿರಲಿಲ್ಲ. ಬಿರುದು, ಹೊಗಳಿಕೆ, ಪಿಂಚಣಿ ಎಲ್ಲ ಸಿಕ್ಕ ಮೇಲೂ ಒಬ್ಬ ಒಳ್ಳೆಯ ನೌಕರ ಯಾಕೆ ಬಿಟ್ಟು ಹೋಗುತ್ತಾನೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ಬೇಡ.

ಅಳತೆ ಹಿಡಿದು ಬಂದ ದಿವಾನರು

ಯುರೋಪ್ ಪ್ರವಾಸ, ಮೂಸಿ ನದಿಯ ಪ್ರವಾಹದ ನಂತರದ ಹೈದರಾಬಾದಿನ ಕೆಲಸ, ಆಮೇಲೆ 1909ರ ನವೆಂಬರಿನಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. ಬಾಂಬೆ ಕೊಡದ ಕುರ್ಚಿಯನ್ನು ಹುಟ್ಟೂರಿನ ಸಂಸ್ಥಾನ ಕರೆದು ಕೊಟ್ಟಿತು.

ಇಲ್ಲೂ ಕಚೇರಿ ರಾಜಕೀಯ ಬಿಡಲಿಲ್ಲ. ಕನ್ನಂಬಾಡಿ ಅಣೆಕಟ್ಟಿನ ಯೋಜನೆ ಹಣಕಾಸಿನ ತಕರಾರಿನಲ್ಲಿ ಸಿಕ್ಕಿಬಿತ್ತು. ಮಾಡಲು ಕೆಲಸವೇ ಇಲ್ಲದಿದ್ದರೆ ಇಲ್ಲಿದ್ದು ಏನು ಪ್ರಯೋಜನ ಅನ್ನೋ ಸ್ಥಿತಿಗೆ ವಿಶ್ವೇಶ್ವರಯ್ಯ ಬಂದಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ್ ನಡುವೆ ಬಂದು 1911ರಲ್ಲಿ ಮಂಜೂರಾತಿ ಕೊಡಿಸಿದರು. 1912ರ ನವೆಂಬರಿನಲ್ಲಿ ಅದೇ ಮಹಾರಾಜರು ಈ ಎಂಜಿನಿಯರನ್ನು ದಿವಾನರನ್ನಾಗಿ ಮಾಡಿದರು.

ಮುಂದಿನ ಆರು ವರ್ಷದ ಪಟ್ಟಿ ನಮಗೆಲ್ಲ ಬಾಯಿಪಾಠ. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಗಂಧದೆಣ್ಣೆ, ಸಾಬೂನು. ಅಷ್ಟು ಬಾಯಿಪಾಠವಾಗದ ಇನ್ನೊಂದು ಕೆಲಸವಿದೆ. ಅವರು ಸರ್ಕಾರಿ ಕಚೇರಿಯನ್ನೇ ಒಂದು ಯಂತ್ರದ ಹಾಗೆ ಬಿಚ್ಚಿ ಜೋಡಿಸಲು ಹೊರಟರು. ಎಫಿಷಿಯೆನ್ಸಿ ಆಡಿಟ್ ಅನ್ನೋ ವ್ಯವಸ್ಥೆ ತಂದರು. ಯಾವ ಕಚೇರಿಯಲ್ಲಿ ಕೆಲಸ ಹೇಗೆ ನಡೀತಿದೆ, ಎಲ್ಲಿ ತಡವಾಗ್ತಿದೆ ಅಂತ ತಪಾಸಣೆ. ಕೆಲಸದ ಕ್ರಮ ಹೇಳುವ ಕೈಪಿಡಿಗಳು. ಸಮಯಪಾಲನೆ. ನೂರು ವರ್ಷದ ಹಿಂದಿನ ಅಪ್ರೈಸಲ್ ಅನ್ನಬಹುದು.

ಇದರಲ್ಲಿ ಒಂದು ದೊಡ್ಡ ಗುಣವಿತ್ತು, ಅದನ್ನು ಒಪ್ಪಲೇಬೇಕು. ಅಳತೆ ಎಲ್ಲರ ಕಣ್ಣಿಗೂ ಕಾಣುವಂತಿದ್ದರೆ ಶಿಫಾರಸಿಗೆ ಜಾಗ ಕಡಿಮೆಯಾಗುತ್ತದೆ. ಸಾಹೇಬರ ಮನೆ ಬಾಗಿಲು ಕಾಯುವುದಕ್ಕಿಂತ ಮೇಜಿನ ಮೇಲಿನ ಫೈಲು ಮುಗಿಸುವುದು ಲಾಭ ಅಂತ ಗುಮಾಸ್ತನಿಗೂ ಅನ್ನಿಸುತ್ತದೆ. ನೆಂಟರನ್ನು ಊಟಕ್ಕೆ ಕರೆದ ಕತೆ ನಿಜವೋ ಸುಳ್ಳೋ, ಅದರ ಹಿಂದಿನ ಧೋರಣೆ ಅವರ ಆಡಳಿತದಲ್ಲಿ ಇತ್ತು.

ಆದರೆ ಈ ಅಳತೆ ಶುರುವಾಗುತ್ತಿದ್ದದ್ದು ಕಚೇರಿಯ ಒಳಗೆ ಬಂದ ಮೇಲೆ. ಒಳಗೆ ಬಂದವರು ಯಾರು ಅಂತ ಅದು ಕೇಳುತ್ತಿರಲಿಲ್ಲ.

1918: ಅದೇ ದೂರು, ಬೇರೆ ದನಿ

ಒಳಗಿದ್ದವರು ಬಹುಪಾಲು ಬ್ರಾಹ್ಮಣರು. ಸಂಸ್ಥಾನದ ಜನಸಂಖ್ಯೆಯಲ್ಲಿ ಅವರು ಸಣ್ಣ ಪಾಲು, ಮೇಲಿನ ಹುದ್ದೆಗಳಲ್ಲಿ ಅತಿ ದೊಡ್ಡ ಪಾಲು. ಮೊದಲು ಮದ್ರಾಸಿನಿಂದ ಬಂದವರಿಗೂ ಮೈಸೂರಿನವರಿಗೂ ಹುದ್ದೆಗಳಿಗಾಗಿ ಜಗಳ ಇತ್ತು. ಅದೂ ಹೆಚ್ಚಾಗಿ ಬ್ರಾಹ್ಮಣರ ನಡುವಿನ ಜಗಳವೇ. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು, ಇತರ ಹಿಂದುಳಿದ ಸಮುದಾಯಗಳು, ದಲಿತರು ಆ ಜಗಳದಲ್ಲಿ ಪ್ರೇಕ್ಷಕರೂ ಆಗಿರಲಿಲ್ಲ.

1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. 1918ರಲ್ಲಿ ಬ್ರಾಹ್ಮಣೇತರ ಮುಖಂಡರು ಮಹಾರಾಜರನ್ನು ಕಂಡು ಬಿನ್ನವಿಸಿಕೊಂಡರು. ತೆರಿಗೆ ಕಟ್ಟುವುದರಲ್ಲಿ ನಾವಿದ್ದೇವೆ, ಕಚೇರಿಯಲ್ಲಿ ಯಾಕಿಲ್ಲ ಅನ್ನೋದು ಒಟ್ಟು ದೂರಿನ ಸಾರ. ಅಲ್ಲೂ ಕಾನೂನಿನ ಅಡ್ಡಿ ಇರಲಿಲ್ಲ, ನೋಡಿ. ಯಾರು ಬೇಕಾದರೂ ಅರ್ಜಿ ಹಾಕಬಹುದಿತ್ತು. ಆದರೆ ಸಿಗುತ್ತಿರಲಿಲ್ಲ, ಅಷ್ಟೇ. ಬಾಂಬೆಯ ಚೀಫ್ ಎಂಜಿನಿಯರ್ ಕುರ್ಚಿಗೆ ಇದ್ದ ಅದೇ ಬರೆಯದ ನಿಯಮ ಇಲ್ಲಿ ಸಾಮಾನ್ಯ ಗುಮಾಸ್ತನ ಸ್ಟೂಲಿಗೂ ಇತ್ತು.

ನಾಲ್ವಡಿಯವರು 1918ರಲ್ಲೇ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ವಾದವನ್ನು ನ್ಯಾಯವಾಗಿಯೇ ಹೇಳೋಣ. ಹಿಂದುಳಿದವರಿಗೆ ಶಿಕ್ಷಣ ಕೊಡಬೇಕು, ವಿದ್ಯಾರ್ಥಿವೇತನ ಕೊಡಬೇಕು ಅನ್ನೋದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಕಡ್ಡಾಯ ಶಿಕ್ಷಣದ ಕಾಯ್ದೆ ಬಂದದ್ದು ಅವರ ಕಾಲದಲ್ಲೇ. ಆದರೆ ಹುದ್ದೆ ಅರ್ಹತೆಗೆ ಮಾತ್ರ ಸಲ್ಲಬೇಕು, ಜಾತಿ ನೋಡಿ ಕೊಟ್ಟರೆ ಆಡಳಿತದ ದಕ್ಷತೆ ಕುಸಿಯುತ್ತದೆ ಅನ್ನೋದು ಅವರ ನಿಲುವು. ಮನೆಪಾಠ ಹೇಳಿ ಓದಿ, ಮೊದಲ ಸ್ಥಾನ ಗಳಿಸಿ ಮೇಲೆ ಬಂದವರಿಗೆ ಹೀಗೆ ಅನ್ನಿಸಿದ್ದು ಆಶ್ಚರ್ಯವಲ್ಲ. 1918ರ ಡಿಸೆಂಬರಿನಲ್ಲಿ ಅವರು ದಿವಾನಗಿರಿಯಿಂದ ಕೆಳಗಿಳಿದರು. ಎಂ. ಕಾಂತರಾಜ ಅರಸ್ ಅವರ ಜಾಗಕ್ಕೆ ಬಂದರು.

ಇಲ್ಲಿ ಎರಡು ವಿದಾಯಗಳನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಬಾಂಬೆಯ ಇಂಗ್ಲಿಷ್ ಅಧಿಕಾರಿಗಳೂ ದಕ್ಷತೆಯ ಹೆಸರನ್ನೇ ಹೇಳುತ್ತಿದ್ದರು. ಭಾರತೀಯರು ಇನ್ನೂ ತಯಾರಾಗಿಲ್ಲ, ಕಾಯಲಿ ಅನ್ನೋದೇ ಅವರ ಸಮಜಾಯಿಷಿ. ಅದು ಎಷ್ಟು ಟೊಳ್ಳು ಅಂತ ವಿಶ್ವೇಶ್ವರಯ್ಯನವರಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಕ್ಕಿಲ್ಲ. ಆದರೂ ಮೈಸೂರಿನಲ್ಲಿ ಇನ್ನೊಬ್ಬರು ಅದೇ ದೂರು ತಂದಾಗ ಅದು ಅವರಿಗೆ ತಮ್ಮದೇ ದೂರಿನ ಹಾಗೆ ಕೇಳಿಸಲಿಲ್ಲ. ಅವರ ದೂರು ಒಬ್ಬ ವ್ಯಕ್ತಿಯದು, ಅರ್ಹತೆ ಸಾಬೀತು ಮಾಡಿದ ಮೇಲಿನದು. ಇವರ ದೂರು ಸಮುದಾಯಗಳದು, ಅರ್ಹತೆ ಸಾಬೀತು ಮಾಡಲು ಅವಕಾಶವೇ ಸಿಗದವರದು. ಆ ವ್ಯತ್ಯಾಸದಲ್ಲಿ ಅವರು ಜಾತಿಯನ್ನು ಕಂಡರು, ಬೀಗ ಹಾಕಿದ ಬಾಗಿಲನ್ನು ಕಾಣಲಿಲ್ಲ.

ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು, ದಲಿತ ವರ್ಗಗಳ ಅರ್ಹರು ಸಿಕ್ಕರೆ ಅವರಿಗೆ ಆದ್ಯತೆ ಅಂತ ಹೇಳಿತು. 1921ರಲ್ಲಿ ಸರ್ಕಾರಿ ಆದೇಶ ಬಂತು. ಹೆದರಿದ ಹಾಗೆ ಆಡಳಿತ ಕುಸಿಯಿತೇ? ಇಲ್ಲ. ಕನ್ನಂಬಾಡಿ ಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ತಿಯಾಯಿತು. 1926ರಿಂದ 1941ರ ತನಕ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲೇ ಮಾದರಿ ಮೈಸೂರು ಅನ್ನೋ ಹೆಸರು ದೇಶದಲ್ಲೆಲ್ಲ ಗಟ್ಟಿಯಾಯಿತು. ಆದೇಶದ ಜಾರಿ ನಿಧಾನವಾಗಿತ್ತು, ಅರೆಬರೆಯಾಗಿತ್ತು, ಅದು ಬೇರೆ ಮಾತು. ದಕ್ಷತೆಗಂತೂ ಏನೂ ಆಗಲಿಲ್ಲ.

ಭದ್ರಾವತಿಯ ಉತ್ತರ

ಕತೆ ಇಲ್ಲಿಗೇ ನಿಂತರೆ ವಿಶ್ವೇಶ್ವರಯ್ಯನವರಿಗೆ ಅನ್ಯಾಯವಾಗುತ್ತದೆ. 1923ರಲ್ಲಿ ಮೈಸೂರು ಸರ್ಕಾರ ಅವರನ್ನು ಮತ್ತೆ ಕರೆಯಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಅವರ ಕನಸಿನ ಕೂಸು, ಶುರುವಾಗುತ್ತಲೇ ನಷ್ಟದಲ್ಲಿತ್ತು. ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಬಿದ್ದಿತ್ತು, ಅಮೆರಿಕನ್ ತಜ್ಞರ ಸಂಬಳದ ಹೊರೆ ಬೇರೆ. ಬಿಟ್ಟು ಬಂದ ಸರ್ಕಾರದ ಕರೆಗೆ ಮುನಿಸು ತೋರದೆ ಅಧ್ಯಕ್ಷರಾಗಿ ಹೋದರು, 1929ರ ತನಕ ದುಡಿದರು.

ಅಲ್ಲಿ ಅವರು ಮಾಡಿದ ಮುಖ್ಯ ಕೆಲಸಗಳಲ್ಲಿ ಒಂದು, ವಿದೇಶಿ ತಜ್ಞರ ಜಾಗಕ್ಕೆ ಹಂತಹಂತವಾಗಿ ಇಲ್ಲಿಯವರನ್ನು ತಯಾರು ಮಾಡಿದ್ದು. ನಮ್ಮ ಹುಡುಗರಿಗೆ ಊದುಕುಲುಮೆ ನಡೆಸಲು ಬರುವುದಿಲ್ಲ ಅಂತ ಅವರು ಕೂತು ಕಾಯಲಿಲ್ಲ. ಕೆಲಸಕ್ಕೆ ಹಚ್ಚಿದರು, ಕಲಿಸಿದರು, ಜವಾಬ್ದಾರಿ ಕೊಟ್ಟರು. ಮೊದಲು ಅರ್ಹತೆ, ಆಮೇಲೆ ಅವಕಾಶ ಅನ್ನೋದು ಕಚೇರಿಗೆ ಅವರು ಹೇಳಿದ ನಿಯಮ. ಕಾರ್ಖಾನೆಯಲ್ಲಿ ಅವರೇ ಮಾಡಿ ತೋರಿಸಿದ್ದು ಅದರ ತಿರುವು ಮುರುವು: ಅವಕಾಶ ಸಿಕ್ಕರೆ ಅರ್ಹತೆ ಬೆಳೆಯುತ್ತದೆ. ಮಿಲ್ಲರ್ ಸಮಿತಿಯ ಮುಂದೆ ಕೈ ಕಟ್ಟಿ ನಿಂತವರು ಕೇಳಿದ್ದೂ ಅಷ್ಟನ್ನೇ. ಇಂಗ್ಲಿಷರ, ಅಮೆರಿಕನ್ನರ ಎದುರು ಭಾರತೀಯನಿಗೆ ಒಪ್ಪಿದ ಈ ಮಾತನ್ನು, ಮೇಲ್ಜಾತಿಯ ಎದುರು ಹಿಂದುಳಿದವನಿಗೆ ಒಪ್ಪಲು ಆಗಲಿಲ್ಲ ಅನ್ನೋದೇ ಅವರ ಬದುಕಿನ ಗಂಟು.

ಮುಂದೆ 1927ರಿಂದ 1955ರ ತನಕ ಟಾಟಾ ಉಕ್ಕು ಕಂಪನಿಯ ನಿರ್ದೇಶಕರಾಗಿದ್ದರು. 1934ರಲ್ಲಿ ದೇಶಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡರು.

ಅವರ ಹೆಸರು ಹೊತ್ತ ಭದ್ರಾವತಿ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ಸೇಲ್ ಆಡಳಿತ ಮಂಡಳಿ ತೀರ್ಮಾನಿಸಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಧರಣಿ ಕೂತರು. ಒಂದೇ ಕಾರ್ಖಾನೆ, ಒಂದೇ ಕೆಲಸ. ಖಾಯಂ ಆದವನಿಗೆ ಒಂದು ಲೆಕ್ಕ, ಗುತ್ತಿಗೆಯವನಿಗೆ ಇನ್ನೊಂದು. ಇಂಪೀರಿಯಲ್, ಪ್ರಾವಿನ್ಷಿಯಲ್ ಅನ್ನೋ ಹೆಸರು ಹೋಗಿದೆ, ಗೆರೆ ಹೋಗಿಲ್ಲ.

ಮುಂದಿನ ಸೆಪ್ಟೆಂಬರ್ 15ಕ್ಕೆ ನಿಮ್ಮ ಕಚೇರಿಯ ಎಚ್‌ಆರ್ ವಿಭಾಗದಿಂದ ಆ ಪೇಟದ ಚಿತ್ರ ಬಂದೇ ಬರುತ್ತದೆ. ಎರಡು ಮೇಣದಬತ್ತಿಯ ಕತೆಯೂ ಬರುತ್ತದೆ. ಓದಿ, ಗೌರವಿಸಿ. ಆಮೇಲೆ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಸಂಸ್ಥೆಯ ಮೇಲಿನ ಹತ್ತು ಕುರ್ಚಿಗಳಲ್ಲಿ ಯಾರ್ಯಾರಿದ್ದಾರೆ, ಕಸ ಗುಡಿಸುವವರು, ಗೇಟು ಕಾಯುವವರು ಯಾರ್ಯಾರು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. 1908ರಲ್ಲಿ ಬಾಂಬೆಯಲ್ಲಿ ವಿಶ್ವೇಶ್ವರಯ್ಯನವರು ಮನಸ್ಸಿನಲ್ಲೇ ಹಾಕಿಕೊಂಡ ಪಟ್ಟಿಯೂ ಹೀಗೇ ಇದ್ದಿರಬೇಕು. ಅದನ್ನು ನೋಡಿಯೇ ಅವರು ಎದ್ದು ಹೊರಟರು.